ಲೆಟರ್‌ಪ್ರೆಸ್‌ನಲ್ಲಿ ಮದುವೆಯ ಆಹ್ವಾನ ಪತ್ರಿಕೆ ಮಾಡಿಸುವುದಾದರೆ ವಿನ್ಯಾಸ ಹೇಗಿರಬೇಕು?

ಲೆಟರ್‌ಪ್ರೆಸ್ ಎಂದರೆ ಉಬ್ಬಚ್ಚಿನ ಪ್ಲೇಟ್‌ಗೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತುವ ಮುದ್ರಣ. ಇದರಲ್ಲಿ ಮೊದಲು ಬಣ್ಣಗಳನ್ನು ಕಡಿಮೆ ಮಾಡಿ. ಪ್ರತಿ ಬಣ್ಣಕ್ಕೂ ಬೇರೆ ಪ್ಲೇಟ್ ಬೇಕು, ಕಾಗದ ಮತ್ತೊಮ್ಮೆ ಯಂತ್ರಕ್ಕೆ ಹೋಗಬೇಕು. ಖರ್ಚು ಏರುವುದು ಅಲ್ಲಿಯೇ. ಒಂದೋ ಎರಡೋ ಬಣ್ಣ ಧಾರಾಳವಾಯಿತು. ಇಷ್ಟಕ್ಕೂ ಈ ಮುದ್ರಣದ ಚೆಲುವು ಇರುವುದು ಬಣ್ಣದಲ್ಲಲ್ಲ, ಉಬ್ಬಚ್ಚಿನ ಪ್ಲೇಟ್ ಕಾಗದವನ್ನು ಒತ್ತಿ ಮೂಡಿಸುವ ತಗ್ಗಿನಲ್ಲಿ. ಶಾಯಿಯನ್ನೇ ಹಚ್ಚದೆ ಬರಿದೇ ಒತ್ತಿದ ಬಳ್ಳಿಯ ಅಂಚು ನನ್ನ ಕಣ್ಣಿಗೆ ಚಿನ್ನದ ಬಣ್ಣಕ್ಕಿಂತ ಘನವಾಗಿ ಕಾಣುತ್ತದೆ.

ಆ ತಗ್ಗು ಚೆನ್ನಾಗಿ ಕೂರಬೇಕಾದರೆ ಕಾಗದ ದಪ್ಪಗೂ ಮೆತ್ತಗೂ ಇರಬೇಕು. ಹತ್ತಿಯ ನಾರಿನಿಂದ ಮಾಡಿದ, ಲೇಪವಿಲ್ಲದ, 300ರಿಂದ 600 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ) ಕಾಗದ ಸೂಕ್ತ. ಎರಡೂ ಬದಿಗೆ ಆಳವಾಗಿ ಒತ್ತಿಸಿದರೆ ಒಂದರ ಗುರುತು ಇನ್ನೊಂದನ್ನು ಕೆಡಿಸುತ್ತದೆ.

ವಿನ್ಯಾಸದ ಕಡತವನ್ನು ವೆಕ್ಟರ್ ರೂಪದಲ್ಲಿ, ಅಂದರೆ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ಗೆರೆಚಿತ್ರವಾಗಿ, ಕೊಡಿ. 0.25 ಪಾಯಿಂಟ್‌ಗಿಂತ (ಸುಮಾರು 0.09 ಮಿ.ಮೀ.) ತೆಳುವಾದ ಗೆರೆ ಪ್ಲೇಟ್‌ನಲ್ಲಿ ಉಳಿಯುವುದೇ ಅನುಮಾನ. ಕನ್ನಡ ಅಕ್ಷರಗಳನ್ನು ತೀರಾ ಚಿಕ್ಕದಾಗಿಸಬೇಡಿ. ಒತ್ತಕ್ಷರಗಳ ಇಕ್ಕಟ್ಟಿನ ಸಂದುಗಳಲ್ಲಿ ಶಾಯಿ ತುಂಬಿಕೊಳ್ಳುತ್ತದೆ. ಈ ಶಾಯಿ ಬಹುಮಟ್ಟಿಗೆ ಪಾರದರ್ಶಕ. ಹಾಗಾಗಿ ಕಡುಬಣ್ಣದ ಕಾಗದದ ಮೇಲೆ ತಿಳಿಬಣ್ಣ ಮಂಕಾಗುತ್ತದೆ. ಅದೇ ಬೇಕೆಂದಿದ್ದರೆ ಬಣ್ಣದ ತೆಳು ಹಾಳೆಯನ್ನು ಬಿಸಿಯಾಗಿ ಒತ್ತಿ ಅಂಟಿಸುವ ಫಾಯಿಲ್ ಮುದ್ರಣಕ್ಕೆ ಹೋಗಿ. ಬಣ್ಣ ತುಂಬಿದ ದೊಡ್ಡ ಚೌಕಗಳು ಒಂದೇ ಸಮನಾಗಿ ಬರುವುದು ಕಷ್ಟ. ಫೋಟೊ? ಬಿಟ್ಟುಬಿಡಿ.

ಪ್ಲೇಟ್ ಆದ ಮೇಲೆ ಒಂದು ಕೊಂಬು ತಪ್ಪಿದ್ದರೂ ಹೊಸ ಪ್ಲೇಟೇ ಗತಿ. ಕರಡನ್ನು ಎರಡೂ ಮನೆಯವರಿಂದ ಓದಿಸಿ, ಹೆಸರು ಮತ್ತು ದಿನಾಂಕಗಳನ್ನು ಗಟ್ಟಿಯಾಗಿ ಓದಿಸಿ. ಅಲಂಕಾರದ ಭಾಗಕ್ಕೆ ಪ್ರತ್ಯೇಕ ಪ್ಲೇಟ್ ಮಾಡಿಸಿಕೊಂಡರೆ ಅದನ್ನೇ ಊಟದ ಪಟ್ಟಿಗೂ ಧನ್ಯವಾದ ಪತ್ರಕ್ಕೂ ಬಳಸಬಹುದು.