ರನ್ ಅಂದ್ರೆ ಬರೀ ಓಡೋದಾ?

ಪ್ರಶ್ನೆ: ಸರ್, ರನ್ ಅಂದ್ರೆ ಓಡು ಅಂತ ಕಲ್ತಿದ್ದು. ಆದ್ರೆ ಇಂಗ್ಲಿಷ್ ಪೇಪರ್‌ನಲ್ಲಿ ‘ಶಿ ರನ್ಸ್ ಎ ಹೋಟೆಲ್’ ಅಂತಿತ್ತು, ಹೋಟೆಲ್ ಹೆಂಗೆ ಓಡುತ್ತೆ?
– ಓದುಗರು, ತಿಪಟೂರು

ಉತ್ತರ: ಹೋಟೆಲ್ ಓಡಲ್ಲ, ಆದ್ರೆ ನಮ್ಮಲ್ಲೂ ಸಿನಿಮಾ ನೂರು ದಿನ ಓಡುತ್ತಲ್ವಾ! ರನ್ ಹಿಂದೆ ಏನೋ ಒಂದು ನಿಲ್ಲದೆ ಸಾಗ್ತಿರುತ್ತೆ ಅನ್ನೋ ಭಾವನೆ ಇದೆ, ಅದನ್ನ ಹಿಡ್ಕೊಂಡ್ರೆ ಅರ್ಧ ಕೆಲಸ ಆಯ್ತು. ಹೋಟೆಲ್ ಆದ್ರೆ ನಡೆಸೋದು, ನಲ್ಲಿ ಆದ್ರೆ ನೀರು ಹರಿಯೋದು, ಮೂಗಾದ್ರೆ ಸೋರೋದು, ಹೊಸ ಸೀರೆ ನೆನೆಸಿದಾಗ ಬಣ್ಣ ಬಿಟ್ರೆ ಅದಕ್ಕೂ ರನ್ ಅಂತಾನೇ ಹೇಳ್ತಾರೆ. ಎಲೆಕ್ಷನ್‌ಗೆ ನಿಲ್ಲೋದಕ್ಕೆ ಅಮೆರಿಕದವರು ‘ರನ್’ ಅಂತಾರೆ, ಬ್ರಿಟಿಷರು ನಮ್ಮ ಥರಾನೇ ‘ಸ್ಟ್ಯಾಂಡ್’, ಒಬ್ರು ಓಡ್ತಾರೆ ಒಬ್ರು ನಿಲ್ತಾರೆ, ಕೇಳೋದು ಮಾತ್ರ ಓಟು!

ನಿಜವಾದ ತಲೆನೋವು ಅಂದ್ರೆ ಪಕ್ಕದಲ್ಲಿ ಬರೋ ಚಿಕ್ಕ ಪದಗಳು. ‘ಐ ರ್‍ಯಾನ್ ಇಂಟು ಮೈ ಟೀಚರ್’ ಅಂದ್ರೆ ಮೇಷ್ಟ್ರು ಅಚಾನಕ್ಕಾಗಿ ಸಿಕ್ಕಿದ್ರು ಅಂತ, ಅದೇ ‘ರ್‍ಯಾನ್ ಓವರ್’ ಅಂದ್ಬಿಟ್ರೆ ಅವ್ರ ಮೇಲೆ ಗಾಡಿ ಹತ್ತಿಸಿದ ಹಾಗೆ, ಪೊಲೀಸ್ ಕೇಸೇ ಆಗುತ್ತೆ. ಮನೇಲಿ ಹಾಲು ಖಾಲಿ ಆದ್ರೆ ‘ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್’, ಇದಕ್ಕೂ ಕ್ರಿಕೆಟ್ ರನ್ ಔಟ್‌ಗೂ ಸಂಬಂಧ ಇಲ್ಲ.

ಇನ್ನೊಂದು, ತುಂಬಾ ಜನ ‘ಹ್ಯಾಸ್ ರ್‍ಯಾನ್’ ಅಂತ ಬರೀತಾರೆ, ಅದು ತಪ್ಪು. ನಿನ್ನೆ ಓಡಿದ್ದಕ್ಕೆ ರ್‍ಯಾನ್, ಹ್ಯಾಸ್ ಹ್ಯಾವ್ ಬಂದ್ರೆ ಮತ್ತೆ ರನ್ನೇ.