ಅಲಾಸ್ಕಾದಲ್ಲಿ ತಿಮಿಂಗಿಲ ನೋಡೋಕೆ ಚಿಕ್ಕ ಹಡಗೇ ಬೇಕಾ?

ಜುಲೈನಲ್ಲಿ ಅಪ್ಪ-ಅಮ್ಮನನ್ನು ಕರೆದುಕೊಂಡು ಅಲಾಸ್ಕಾಗೆ ಹೊರಟಿದ್ದೀರಿ. ದೊಡ್ಡ ಕ್ರೂಸ್ ಸಾಕೇ, ದುಡ್ಡು ಹೆಚ್ಚಾದರೂ ಚಿಕ್ಕ ಹಡಗು ಹಿಡಿಯಬೇಕೇ, ಅದರಲ್ಲಿ ದಿನ ಹೇಗೆ ಕಳೆಯುತ್ತದೆ ಎಂದು ಕೇಳಿದ್ದೀರಿ. ನಾನಿರುವುದು ಸಿಯಾಟಲ್‌ನಲ್ಲಿ. ಅಲಾಸ್ಕಾದ ರಾಜಧಾನಿ ಜೂನೋದಿಂದ ಹೊರಡುವ, ಅರವತ್ತು-ಎಪ್ಪತ್ತು ಜನ ಹಿಡಿಸುವ ಹಡಗಿನಲ್ಲಿ ಹೋಗಿ ಬಂದವನು. ತಿಮಿಂಗಿಲಕ್ಕಾಗಿಯೇ ಹೋಗುವುದಾದರೆ ಚಿಕ್ಕ ಹಡಗನ್ನೇ ಹಿಡಿಯಿರಿ. ದೊಡ್ಡ ಹಡಗಿಗೆ ಮುಂದಿನ ಬಂದರಿನ ಸಮಯ ತಪ್ಪಿಸುವಂತಿಲ್ಲ. ಚಿಕ್ಕ ಹಡಗಿನ ಕ್ಯಾಪ್ಟನ್ ತಿಮಿಂಗಿಲ ಕಂಡಲ್ಲಿ ನಿಲ್ಲಿಸುತ್ತಾನೆ, ಗಂಟೆಗಟ್ಟಲೆ ಕಾಯುತ್ತಾನೆ. ನೀವು ಹೆಚ್ಚಿಗೆ ದುಡ್ಡು ಕೊಡುವುದು ಆ ಕಾಯುವಿಕೆಗೇ.

ಐಸಿ ಸ್ಟ್ರೈಟ್ ಎಂಬ ಜಲಸಂಧಿಯಲ್ಲಿ ಪಾಯಿಂಟ್ ಅಡಾಲ್ಫಸ್ ಅಂತ ಒಂದು ಜಾಗವಿದೆ. ಉಬ್ಬರ-ಇಳಿತದ ನೀರು ಅಲ್ಲಿ ರಭಸವಾಗಿ ಹರಿದು, ಸಣ್ಣ ಮೀನುಗಳೆಲ್ಲ ಒಂದೆಡೆ ಸೇರುತ್ತವೆ. ಬೇಸಿಗೆಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಅಲ್ಲಿಗೆ ಊಟಕ್ಕೆ ಬರುತ್ತವೆ. ಚಳಿಗಾಲದಲ್ಲಿ ಇವುಗಳಲ್ಲಿ ಹೆಚ್ಚಿನವು ಇರುವುದು ಸುಮಾರು 4,500 ಕಿಲೋಮೀಟರ್ ದೂರದ ಹವಾಯಿಯಲ್ಲಿ. ಮರಿ ಹಾಕುವುದು ಅಲ್ಲೇ, ಆದರೆ ಅಲ್ಲಿ ತಿನ್ನಲು ಹೆಚ್ಚೇನೂ ಸಿಗದು. ವರ್ಷವಿಡೀ ಬೇಕಾಗುವ ಕೊಬ್ಬನ್ನು ಅಲಾಸ್ಕಾದ ಈ ಕೆಲವು ತಿಂಗಳಲ್ಲೇ ಕೂಡಿಸಿಕೊಳ್ಳಬೇಕು. ಹಾಗಾಗಿ ನೀವು ನೋಡುವುದು ಹೆಚ್ಚಾಗಿ ಅವುಗಳ ಊಟವನ್ನು. ಫೋಟೋಗಳಲ್ಲಿರುವಂತೆ ನೀರಿನಿಂದ ಪೂರ್ತಿ ಮೇಲಕ್ಕೆ ಹಾರುವುದು ಕಂಡರೆ ಅದೃಷ್ಟ. ಅದನ್ನೇ ನಿರೀಕ್ಷಿಸಿ ಹೋಗಬೇಡಿ.

ಬೆಳಗಿನ ತಿಂಡಿಯ ಮಧ್ಯೆಯೇ ಮೈಕಿನಲ್ಲಿ ಕರೆ ಬರಬಹುದು. ತಟ್ಟೆ ಅಲ್ಲೇ ಬಿಟ್ಟು ಡೆಕ್ಕಿಗೆ ಹೋಗಿ. ದೂರದಲ್ಲಿ ಬಿಳಿ ಆವಿ ಎದ್ದು ಚದುರುವುದನ್ನು ಮೊದಲು ನೋಡುತ್ತೀರಿ. ಹಂಪ್‌ಬ್ಯಾಕ್‌ನ ಉಸಿರು ಮೂರು ಮೀಟರ್‌ಗಿಂತ ಎತ್ತರಕ್ಕೆ ಚಿಮ್ಮುತ್ತದೆ. ಕ್ಯಾಪ್ಟನ್ ವೇಗ ಇಳಿಸಿ, ಎಂಜಿನ್ನನ್ನು ನ್ಯೂಟ್ರಲ್‌ಗೆ ಹಾಕುತ್ತಾನೆ. ಅಲಾಸ್ಕಾದ ನೀರಿನಲ್ಲಿ ಹಂಪ್‌ಬ್ಯಾಕ್‌ಗೆ 100 ಗಜ, ಅಂದರೆ 91 ಮೀಟರ್‌ಗಿಂತ ಹತ್ತಿರ ಹೋಗುವುದು ಕಾನೂನುಬಾಹಿರ. ಅದು ಬರುವ ದಾರಿಗೆ ಮುಂಚೆಯೇ ಹೋಗಿ ಹಡಗು ಅಡ್ಡ ನಿಲ್ಲಿಸುವುದೂ ತಪ್ಪು. ಇದು ಬಹಳ ಒಳ್ಳೆಯ ನಿಯಮ. ಹಡಗು ಸುಮ್ಮನೆ ನಿಂತಾಗ ಉಸಿರಿನ ಸದ್ದು ಕೇಳಿಸುತ್ತದೆ: ಬಸ್ಸಿನ ಏರ್ ಬ್ರೇಕ್ ಬಿಟ್ಟ ಹಾಗೆ, ಆದರೆ ಗಂಭೀರವಾಗಿ, ಎದುರಿನ ಕಾಡಿಗೆ ತಾಕಿ ಮರಳುವಷ್ಟು ಜೋರಾಗಿ. ಗಾಳಿ ನಿಮ್ಮತ್ತ ಬೀಸಿದರೆ ಮೀನಿನ ನಾತ ಮೂಗಿಗೆ ಬಡಿಯುತ್ತದೆ. ದೊಡ್ಡ ಕ್ರೂಸಿನ ಹನ್ನೆರಡನೇ ಮಹಡಿಯಲ್ಲಿ ನಿಂತವರಿಗೆ ಇವೆರಡೂ ಸಿಗುವುದಿಲ್ಲ, ನನ್ನ ಮಟ್ಟಿಗೆ ಅದು ದೊಡ್ಡ ನಷ್ಟ.

ನಾಲ್ಕೈದು ಸಲ ಉಸಿರಾಡಿ, ಬೆನ್ನು ಬಿಲ್ಲಿನಂತೆ ಬಾಗಿಸಿ, ಬಾಲ ಮೇಲೆತ್ತಿತೆಂದರೆ ಆಳಕ್ಕೆ ಹೊರಟಿತು ಎಂದರ್ಥ. ಮತ್ತೆ ಮೇಲೆ ಬರಲು ಐದು-ಹತ್ತು ನಿಮಿಷ ಬೇಕು. ಬಹಳ ಜನ ಆಗ ಒಳಗೆ ಕಾಫಿಗೆ ಹೋಗಿಬಿಡುತ್ತಾರೆ. ನೀವು ಹೋಗಬೇಡಿ. ಕಡಲ ಹಕ್ಕಿಗಳ ಮೇಲೆ ಕಣ್ಣಿಡಿ.

ಯಾಕೆಂದರೆ ಇಲ್ಲಿನ ಅತಿ ದೊಡ್ಡ ನೋಟದ ಮುನ್ಸೂಚನೆ ಕೊಡುವುದು ಆ ಹಕ್ಕಿಗಳೇ. ಆಗ್ನೇಯ ಅಲಾಸ್ಕಾದ, ಅದರಲ್ಲೂ ಚಾಥಮ್ ಸ್ಟ್ರೈಟ್ ಕಡೆಯ ಕೆಲವು ಹಂಪ್‌ಬ್ಯಾಕ್‌ಗಳು ಗುಂಪುಕಟ್ಟಿ ಬೇಟೆಯಾಡುತ್ತವೆ. ಒಂದು ತಿಮಿಂಗಿಲ ಹೆರಿಂಗ್ ಮೀನಿನ ಹಿಂಡಿನ ಕೆಳಗೆ ಸುತ್ತುತ್ತಾ ಗುಳ್ಳೆ ಬಿಡುತ್ತದೆ, ಗುಳ್ಳೆಗಳೇ ಬಲೆಯಾಗಿ ಮೇಲೇಳುತ್ತವೆ. ಇನ್ನೊಂದು ಒಂದೇ ಸಮನೆ ಕೂಗುತ್ತದೆ. ಬೆದರಿದ ಮೀನು ಮೇಲಕ್ಕೆ ಓಡುತ್ತದೆ. ಹಡಗಿನಲ್ಲಿ ಹೈಡ್ರೋಫೋನ್ ಇದ್ದರೆ, ಅಂದರೆ ನೀರಿಗೆ ಇಳಿಬಿಡುವ ಮೈಕ್, ಆ ಕೂಗನ್ನು ಸ್ಪೀಕರಿನಲ್ಲಿ ಹಾಕುತ್ತಾರೆ. ಸ್ವರ ಏರುತ್ತಾ ಹೋಗಿ ತಟ್ಟನೆ ನಿಲ್ಲುತ್ತದೆ. ನೀರಿನ ಮೇಲೆ ಗುಳ್ಳೆಗಳ ಉಂಗುರ ಮೂಡುತ್ತದೆ, ಹಕ್ಕಿಗಳು ಅದರ ಮೇಲೆ ಎರಗುತ್ತವೆ, ಅದೇ ಕ್ಷಣ ಉಂಗುರದೊಳಗಿಂದ ಏಳೆಂಟು ಬಾಯಿಗಳು ತೆರೆದು ಮೇಲೇಳುತ್ತವೆ! ಒಂದೊಂದು ಪ್ರಾಣಿಯೂ 13-14 ಮೀಟರ್ ಉದ್ದ, ಮೂವತ್ತು ಟನ್ ಆಸುಪಾಸು. ಅವು ಮಾತಾಡಿಕೊಂಡು, ಕೆಲಸ ಹಂಚಿಕೊಂಡು ಬೇಟೆಯಾಡುವುದನ್ನು ನೋಡಿದ ಮೇಲೆ ನನಗೆ ಬಹಳ ಹೊತ್ತು ಮಾತೇ ಹೊರಡಲಿಲ್ಲ.

ಬಾಲದ ಅಡಿಭಾಗದ ಫೋಟೋ ತಪ್ಪದೆ ತೆಗೆಯಿರಿ. ಅಲ್ಲಿನ ಕಪ್ಪು-ಬಿಳುಪು ಮಚ್ಚೆ ಒಂದೊಂದು ಹಂಪ್‌ಬ್ಯಾಕ್‌ಗೂ ಬೇರೆ ಬೇರೆ. ಹ್ಯಾಪಿವೇಲ್ ಎಂಬ ಜಾಲತಾಣಕ್ಕೆ ಹಾಕಿದರೆ ಅದು ಯಾವ ತಿಮಿಂಗಿಲ, ಹಿಂದೆ ಎಲ್ಲೆಲ್ಲಿ ಕಂಡಿತ್ತು ಎಂದು ಹುಡುಕಿಕೊಡುತ್ತಾರೆ. ಇದು ಬರೀ ಮೋಜಿಗಲ್ಲ. ಪ್ರವಾಸಿಗರ ಇಂಥ ಫೋಟೋಗಳೂ ಸೇರಿದ್ದ ಲೆಕ್ಕದಿಂದಲೇ ಒಂದು ಕಹಿ ಸಂಗತಿ ಹೊರಬಂತು: ಉತ್ತರ ಪೆಸಿಫಿಕ್‌ನಲ್ಲಿ 2012ರಲ್ಲಿ ಸುಮಾರು 33,000 ಇದ್ದ ಹಂಪ್‌ಬ್ಯಾಕ್‌ಗಳು 2021ಕ್ಕೆ 27,000ಕ್ಕಿಂತ ಕೆಳಗಿಳಿದಿದ್ದವು. ನಡುವೆ 2014ರಿಂದ 2016ರವರೆಗೆ ಸಮುದ್ರ ವಿಪರೀತ ಬಿಸಿಯಾಗಿ ಆಹಾರ ಕುಸಿದಿತ್ತು. ಬೇಟೆ ನಿಷೇಧಿಸಿ ದಶಕಗಳ ಕಾಲ ಕಾಪಾಡಿದ ಪ್ರಾಣಿ ಹೀಗೆ ಕಡಿಮೆಯಾಗುವುದು ನನಗೆ ನಿಜಕ್ಕೂ ಸಂಕಟದ ವಿಷಯ. (ನಮ್ಮ ಅರಬ್ಬಿ ಸಮುದ್ರದಲ್ಲೂ ಹಂಪ್‌ಬ್ಯಾಕ್‌ಗಳಿವೆ. ಅವು ವಲಸೆ ಹೋಗದೆ ವರ್ಷಪೂರ್ತಿ ಅಲ್ಲೇ ಇರುತ್ತವೆ, ಸಂಖ್ಯೆ ಬಹಳ ಕಡಿಮೆ.)

ಇನ್ನು ಅಪ್ಪ-ಅಮ್ಮನ ವಿಷಯ. ಬಹುಪಾಲು ದಾರಿ ದ್ವೀಪಗಳ ನಡುವೆ ಇರುವುದರಿಂದ ತೆರೆದ ಸಮುದ್ರದಷ್ಟು ಅಲೆಯಿಲ್ಲ, ಆದರೂ ವಾಂತಿಯ ಮಾತ್ರೆ ಜೊತೆಗಿರಲಿ. ಜುಲೈನಲ್ಲೂ ಮಳೆ ಬರುತ್ತದೆ, ಡೆಕ್ಕಿನ ಗಾಳಿ ಕೊರೆಯುತ್ತದೆ. ಮಳೆಗೆ ಜಗ್ಗದ ಜಾಕೆಟ್, ಉಣ್ಣೆ ಟೋಪಿ, ಇಬ್ಬರಿಗೂ ಒಂದೊಂದು ದುರ್ಬೀನು ಬೇಕೇ ಬೇಕು. ಸಸ್ಯಾಹಾರಿಗಳಾದರೆ ಬುಕ್ ಮಾಡುವಾಗಲೇ ತಿಳಿಸಿ. ಹಲವು ಚಿಕ್ಕ ಹಡಗುಗಳಲ್ಲಿ ಲಿಫ್ಟ್ ಇರುವುದಿಲ್ಲ, ದಡಕ್ಕೆ ಹೋಗಲು ರಬ್ಬರ್ ದೋಣಿಗೆ ಇಳಿದು ಹತ್ತಬೇಕು. ಮಂಡಿನೋವು ಜಾಸ್ತಿಯಿದ್ದರೆ ದೊಡ್ಡ ಕ್ರೂಸಿನಲ್ಲೇ ಹೋಗಿ, ಜೂನೋದಲ್ಲಿ ಇಳಿದ ದಿನ ಆಕ್ ಬೇಯಿಂದ ಹೊರಡುವ ಅರ್ಧ ದಿನದ ತಿಮಿಂಗಿಲ ದೋಣಿ ಹತ್ತಿಸಿ. ಜುಲೈನಲ್ಲಿ ಅಲ್ಲಿ ಬರಿಗೈಯಲ್ಲಿ ಮರಳುವುದು ಅಪರೂಪ.