ಮಲ್ಟಿಮೀಟರ್‌ನಲ್ಲಿ ಸರಿ ತೋರಿಸುವ 2ಎನ್3055 ಪವರ್ ಟ್ರಾನ್ಸಿಸ್ಟರ್, ಆಂಪ್ಲಿಫೈಯರ್‌ಗೆ ಹಾಕಿದರೆ ಸುಡುತ್ತದೆ. ನಕಲಿ ಇರಬಹುದಾ? ಗುರುತಿಸುವುದು ಹೇಗೆ?

ಆನ್‌ಲೈನ್‌ನಲ್ಲಿ ತರಿಸಿದ ಟ್ರಾನ್ಸಿಸ್ಟರ್ ವಾಲ್ಯೂಮ್ ಏರಿಸಿದ ಕೂಡಲೇ ಶಾರ್ಟ್ ಆಯಿತು, ಇನ್ನೊಂದು ಹಾಕಿದರೂ ಅದೇ ಕಥೆ ಅಂತ ಬರೆದಿದ್ದೀರಿ. ಬಯಾಸ್ (ಸದ್ದಿಲ್ಲದಾಗಲೂ ಟ್ರಾನ್ಸಿಸ್ಟರ್‌ನಲ್ಲಿ ಹರಿಯುವಂತೆ ಸೆಟ್ ಮಾಡಿದ ಸಣ್ಣ ಕರೆಂಟ್) ಸರಿಯಿದ್ದರೆ ಮಾಲು ನಕಲಿ ಅಂತಲೇ ನನ್ನ ಅನುಮಾನ.

ಗೋಣಿಕೊಪ್ಪದಲ್ಲಿ ನಾನು ಆಂಪ್ಲಿಫೈಯರ್, ಇನ್ವರ್ಟರ್ ರಿಪೇರಿ ಮಾಡುತ್ತೇನೆ. ಮಳೆಗಾಲದಲ್ಲಿ ಇನ್ವರ್ಟರ್‌ಗಳು ಸಾಲಾಗಿ ಬರುತ್ತವೆ, ದಸರಾ ಹತ್ತಿರ ಬಂದರೆ ಮಂಟಪದವರ ಸೌಂಡ್ ಸೆಟ್. ಕೊಡಗಿನಲ್ಲಿ ಬಿಡಿಭಾಗ ಸಿಗುವುದು ಕಡಿಮೆ. ಮೈಸೂರಿಗೋ ಬೆಂಗಳೂರಿನ ಎಸ್‌ಪಿ ರೋಡಿಗೋ ಹೋಗಬೇಕು, ಇಲ್ಲಾ ಪಾರ್ಸೆಲ್ ತರಿಸಬೇಕು. ಹಾಗಾಗಿ ಬಂದ ಮಾಲನ್ನು ಟೆಸ್ಟ್ ಮಾಡದೆ ನಾನು ಬೋರ್ಡಿಗೆ ಹಾಕುವುದಿಲ್ಲ.

ನಕಲಿಯ ಒಳಗೂ ಟ್ರಾನ್ಸಿಸ್ಟರ್ ಇರುತ್ತದೆ. ಕೆಲಸ ಮಾಡುವ ಸಿಲಿಕಾನ್ ಚಿಪ್ ಮಾತ್ರ ತೀರಾ ಚಿಕ್ಕದು. ಲಾರಿ ಬಾಡಿಗೆ ಆಟೋ ಎಂಜಿನ್ ಕೂರಿಸಿದ ಹಾಗೆ. ಮಲ್ಟಿಮೀಟರ್ ಹರಿಸುವ ಕರೆಂಟ್ ತುಂಬಾ ಕಡಿಮೆ, ಅಷ್ಟಕ್ಕೆ ಯಾವ ಚಿಪ್ ಆದರೂ ಸರಿ ತೋರಿಸುತ್ತದೆ. ಅಸಲಿ 2ಎನ್3055 ತಡೆಯುವುದು 15 ಆಂಪಿಯರ್, 60 ವೋಲ್ಟ್. ಅದಕ್ಕೇ ಲೋಡ್ ಕೊಟ್ಟು ನೋಡಬೇಕು.

12 ವೋಲ್ಟ್ ಬ್ಯಾಟರಿ, ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬ್, 22 ಓಮ್ 10 ವ್ಯಾಟ್ ರೆಸಿಸ್ಟರ್ ಸಾಕು. ಟ್ರಾನ್ಸಿಸ್ಟರನ್ನು ಬಿಸಿ ಎಳೆಯುವ ದೊಡ್ಡ ಹೀಟ್‌ಸಿಂಕ್‌ಗೆ ಬಿಗಿಯಿರಿ. ಅದಕ್ಕೆ ಬೇಸ್, ಎಮಿಟರ್, ಕಲೆಕ್ಟರ್ ಅಂತ ಮೂರು ತುದಿ. ಮೊದಲೆರಡು ಕಾಲುಗಳು, ಲೋಹದ ಬಾಡಿಯೇ ಕಲೆಕ್ಟರ್; ಬಾಡಿ ಬೇರೆ ಯಾವುದಕ್ಕೂ ತಾಗಬಾರದು. ಎಮಿಟರ್ ಮೈನಸ್‌ಗೆ, ಬಲ್ಬ್ ಪ್ಲಸ್ ಮತ್ತು ಕಲೆಕ್ಟರ್ ನಡುವೆ, ರೆಸಿಸ್ಟರ್ ಪ್ಲಸ್‌ನಿಂದ ಬೇಸ್‌ಗೆ. ತಣ್ಣಗಿರುವ ಬಲ್ಬ್ ಮೊದಲ ಕ್ಷಣ ಬಹಳ ಕರೆಂಟ್ ಎಳೆಯುತ್ತದೆ. ಆದ್ದರಿಂದ ಕಲೆಕ್ಟರ್, ಎಮಿಟರ್ ನಡುವೆ ಒಂದು ತಂತಿ ತಾಗಿಸಿ ಬಲ್ಬ್ ಉರಿಸಿಕೊಳ್ಳಿ, ಆಮೇಲೆ ತಂತಿ ತೆಗೆಯಿರಿ. ಈಗ ಕಲೆಕ್ಟರ್, ಎಮಿಟರ್ ನಡುವಿನ ವೋಲ್ಟೇಜ್ ಅಳೆಯಿರಿ. ಡೇಟಾಶೀಟ್ (ತಯಾರಕರ ವಿವರಪಟ್ಟಿ) ಪ್ರಕಾರ 4 ಆಂಪಿಯರ್‌ನಲ್ಲಿ ಅದು 1.1 ವೋಲ್ಟ್ ಮೀರಬಾರದು. ಇಲ್ಲಿ ಹರಿಯುವುದು ನಾಲ್ಕೂವರೆ ಆಂಪಿಯರ್, ಹೆಚ್ಚುಕಮ್ಮಿ ಅಷ್ಟರೊಳಗೇ ಬರಬೇಕು. ಎರಡು ಮೂರು ವೋಲ್ಟ್ ಬಂದು, ಬಲ್ಬ್ ಮಂಕಾಗಿ, ಬಾಡಿ ಸುಡತೊಡಗಿದರೆ ಬೇರೆ ಸಾಕ್ಷಿ ಬೇಡ.

ಸತ್ತುಹೋದ ಪೀಸ್ ಎಸೆದಿಲ್ಲ ಅಲ್ವಾ? ಮೇಲಿನ ಟೋಪಿಯನ್ನು ಹ್ಯಾಕ್ಸಾದಿಂದ ಕೊಯ್ದು ನೋಡಿ. ಒಳಗೆ ಒಂದೆರಡು ಮಿಲಿಮೀಟರ್‌ನ ಚುಕ್ಕೆಯಂಥ ಚಿಪ್ ಇದ್ದರೆ ಅದು ಡೇಟಾಶೀಟ್ ಹೇಳುವ 115 ವ್ಯಾಟ್ ತಡೆಯುವ ಮಾತೇ ಇಲ್ಲ. ಹಳೆಯ ವೈರ್‌ಲೆಸ್ ಸೆಟ್‌ನ ಆರ್‌ಎಫ್ (ರೇಡಿಯೊ ತರಂಗದ) ಪವರ್ ಟ್ರಾನ್ಸಿಸ್ಟರ್‌ಗಳನ್ನು ಮಾತ್ರ ದಯವಿಟ್ಟು ಹೀಗೆ ಕೊಯ್ಯಬೇಡಿ. ಕೆಲವದರಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ, ಆ ಪುಡಿ ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶ ಹಾಳಾಗುತ್ತದೆ.

ಇನ್ವರ್ಟರ್‌ನ ಮಾಸ್‌ಫೆಟ್‌ಗೆ (ವೋಲ್ಟೇಜ್‌ನಿಂದ ನಡೆಯುವ ಇನ್ನೊಂದು ಬಗೆಯ ಟ್ರಾನ್ಸಿಸ್ಟರ್) ಬೇರೆ ದಾರಿ ಇದೆ. ಐಆರ್‌ಎಫ್3205 ಅನ್ನುವ ಮಾಸ್‌ಫೆಟ್‌ನ ಇನ್‌ಪುಟ್ ಕೆಪಾಸಿಟೆನ್ಸ್ (ಇನ್‌ಪುಟ್ ಕಾಲು ಚಾರ್ಜ್ ಹಿಡಿಯುವ ಸಾಮರ್ಥ್ಯ, ಚಿಪ್ ದೊಡ್ಡದಾದಷ್ಟೂ ಹೆಚ್ಚು) ಡೇಟಾಶೀಟ್‌ನಲ್ಲಿ ಸುಮಾರು 3,200 ಪಿಕೊಫ್ಯಾರಡ್. ಕಾಂಪೊನೆಂಟ್ ಟೆಸ್ಟರ್ ಸಾವಿರದ ಆಸುಪಾಸು ತೋರಿಸಿದರೆ ಚಿಪ್ ಚಿಕ್ಕದು ಅಂತಲೇ ಅರ್ಥ.

ಹೊರಗಿನ ಗುರುತುಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಪ್ಲಾಸ್ಟಿಕ್ ಬಾಡಿಯ ಮೇಲೆ ಅಸಿಟೋನ್ ಹಚ್ಚಿ ಉಜ್ಜಿದಾಗ ಹತ್ತಿಗೆ ಕಪ್ಪು ಬಣ್ಣವೇ ಬಂದರೆ ಹಳೇ ಹೆಸರು ಅಳಿಸಿ ಹೊಸದು ಬರೆದಿದ್ದಾರೆ ಅಂತ ತಿಳಿಯಿರಿ. ಅಕ್ಷರ ಮಾತ್ರ ಅಳಿಸಿದರೆ ಸುಮ್ನೆ ನಕಲಿ ಅನ್ನಬೇಡಿ, ಅಸಲಿಯಲ್ಲೂ ಶಾಯಿಯ ಅಕ್ಷರ ಇರುತ್ತದೆ. ಕಂಪನಿಯ ಮಾರ್ಕನ್ನೂ ತಯಾರಾದ ಕಾಲ ಹೇಳುವ ಡೇಟ್ ಕೋಡನ್ನೂ ಹೋಲಿಸಿ. ಇಂಥ ಟ್ರಾನ್ಸಿಸ್ಟರ್ ಮಾಡುತ್ತಿದ್ದ ಮೊಟೊರೊಲಾದ ವಿಭಾಗ 1999ರಲ್ಲೇ ಬೇರೆಯಾಗಿ ಆನ್ ಸೆಮಿಕಂಡಕ್ಟರ್ ಆಯಿತು. ಮೊಟೊರೊಲಾ ಮಾರ್ಕಿನ ಮೇಲೆ 2015ರ ಕೋಡ್ ಇದ್ದರೆ ಅದು ಎಲ್ಲಿಂದ ಬಂತು?

ಮುಂದಿನ ಸಲ ಎಲಿಮೆಂಟ್14, ಮೌಸರ್, ಡಿಜಿಕೀ ಥರದ ಅಧಿಕೃತ ವಿತರಕರಲ್ಲಿ ನೋಡಿ. ಬೆಲೆ, ಸಾಗಣೆ ಎರಡೂ ಜಾಸ್ತಿ. ಆದರೂ ಔಟ್‌ಪುಟ್ ಟ್ರಾನ್ಸಿಸ್ಟರ್ ಜೊತೆ ಸ್ಪೀಕರೂ ಸುಡಬಹುದಾದ ಕಡೆ ನಾನು ಅಲ್ಲಿಂದಲೇ ತರಿಸುತ್ತೇನೆ. ಬೇರೆ ಕಡೆ ಕೊಳ್ಳುವುದಾದರೆ ಮೊದಲು ಎರಡೇ ಪೀಸ್ ತರಿಸಿ. ಪಾರ್ಸೆಲ್ ಬಿಚ್ಚುವುದನ್ನೂ ಬಲ್ಬ್ ಟೆಸ್ಟನ್ನೂ ಮೊಬೈಲ್‌ನಲ್ಲಿ ವಿಡಿಯೊ ಮಾಡಿಡಿ. ಹಣ ವಾಪಸ್ ಕೊಡದೆ ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಅದು ಬೇಕಾಗುತ್ತದೆ.